ಮನೆಯ ತೊಂದರೆಗೆ ಮನೆಯಲ್ಲೇ ಸಾಧನ: ಹವ್ಯಾಸಿ ಆವಿಷ್ಕಾರಕರಿಗೊಂದು ಸಮಗ್ರ ಮಾರ್ಗದರ್ಶಿ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಅವರಿಗೆ ಬೆಳಗ್ಗೆ ಬೇಗ ಏಳುವುದು ಕಷ್ಟವಾಗುತ್ತಿತ್ತು. ಅಲಾರಾಂ ಗಡಿಯಾರದ ಸದ್ದು ಅವರನ್ನು ಎಬ್ಬಿಸುತ್ತಿರಲಿಲ್ಲ. ಅಲಾರಾಂ ಬಾರಿಸುವಾಗ ಅದರ ಹಿಂದಿನ ಕೀಲಿ ತಾನಾಗಿ ತಿರುಗುವುದನ್ನು ಗಮನಿಸಿದ ಅವರು ಆ ಕೀಲಿಗೆ ತೆಳುವಾದ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ನೀರು ತುಂಬಿದ ಬಾಟಲಿಯನ್ನು ಜೋಡಿಸಿದರು. ಕೀಲಿ ತಿರುಗಿದಂತೆ ದಾರ ಸುತ್ತಿಕೊಂಡು ಬಾಟಲಿ ವಾಲುತ್ತಿತ್ತು, ನೀರು ನೇರವಾಗಿ ಮುಖದ ಮೇಲೆ ಬೀಳುತ್ತಿತ್ತು. ಮುಂದೆ ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬಿತ್ತನೆ ಕೂರಿಗೆ ಮುಂತಾದ ಹತ್ತಾರು ಸಾಧನಗಳನ್ನು ರೂಪಿಸಿ 2022ರಲ್ಲಿ ಪದ್ಮಶ್ರೀ ಪಡೆದವರ ಮೊದಲ ಆವಿಷ್ಕಾರ ಇದು.

ಸದ್ದು ಸಾಲದು ಎಂದು ಕಂಡಾಗ ಅವರು ಇನ್ನೂ ದೊಡ್ಡ ಸದ್ದಿನ ಗಡಿಯಾರ ಹುಡುಕಬಹುದಿತ್ತು. ಅದನ್ನು ಬಿಟ್ಟು, ತಮ್ಮನ್ನು ನಿಜವಾಗಿ ಎಬ್ಬಿಸುವುದು ಯಾವುದೆಂದು ಕೇಳಿಕೊಂಡರು. ಹವ್ಯಾಸಿಗಳ ಬಹುಪಾಲು ಪ್ರಯತ್ನಗಳು ಸೋಲುವುದು ಈ ಪ್ರಶ್ನೆಯನ್ನು ಹಾರಿ ನೇರವಾಗಿ ಸಾಧನದ ಚಿತ್ರ ಬಿಡಿಸಲು ಕುಳಿತುಕೊಳ್ಳುವುದರಿಂದ ಎಂದು ನನಗನ್ನಿಸುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ತಯಾರಿಕೆಗಿಂತ ಮೊದಲಿನ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉದಾಹರಣೆಯಾಗಿ, ನಮ್ಮ ಮನೆಯಲ್ಲಿ ಟ್ಯಾಂಕು ತುಂಬಿ ನೀರು ಹರಿದು ಹೋಗುತ್ತಿದ್ದ ತೊಂದರೆಯನ್ನು ಆರಂಭದಿಂದ ಕೊನೆಯವರೆಗೆ ಬಿಡಿಸಿ ಹೇಳುತ್ತೇನೆ.

ಮೊದಲ ಹಂತ: ಮೂರು ವಾರ ಬರೆದಿಡಿ

ನೂರು ಪುಟದ ಒಂದು ನೋಟ್‌ಬುಕ್ಕನ್ನು ಇದಕ್ಕಾಗಿಯೇ ಮೀಸಲಿಡಿ. ತೊಂದರೆ ಸಂಭವಿಸಿದ ಪ್ರತಿ ಬಾರಿಯೂ ದಿನ, ಹೊತ್ತು, ಆಗ ಮನೆಯಲ್ಲಿ ಯಾರಿದ್ದರು, ಏನು ಮಾಡುತ್ತಿದ್ದರು, ಎಷ್ಟು ನಷ್ಟವಾಯಿತು ಎಂಬುದನ್ನು ಅಂದೇ ಬರೆಯಬೇಕು. ವಾರದ ಕೊನೆಗೆ ನೆನಪಿನಿಂದ ಬರೆದದ್ದು ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ನೆನಪು ಯಾವಾಗಲೂ ದೊಡ್ಡ ಘಟನೆಗಳನ್ನಷ್ಟೇ ಇಟ್ಟುಕೊಂಡು ಸಣ್ಣವನ್ನು ಬಿಟ್ಟುಬಿಡುತ್ತದೆ.

ಬರೆಯುವುದರ ಜೊತೆಗೆ ಅಳೆಯಲೂ ಬೇಕು. ನಮ್ಮ ಮೋಟಾರು ನಿಮಿಷಕ್ಕೆ ಎಷ್ಟು ನೀರು ಎತ್ತುತ್ತದೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು, ನೀರು ಬೀಳುವ ಜಾಗದಲ್ಲಿ 15 ಲೀಟರಿನ ಬಕೆಟ್ ಹಿಡಿದು, ಮೊಬೈಲಿನಲ್ಲಿ ಸೆಕೆಂಡು ಎಣಿಸಿದಾಗ 30 ಸೆಕೆಂಡಿಗೆ ಬಕೆಟ್ ತುಂಬಿತು. ಅಂದರೆ ನಿಮಿಷಕ್ಕೆ 30 ಲೀಟರ್. ಮೂರು ವಾರದಲ್ಲಿ ಟ್ಯಾಂಕು ಒಂಬತ್ತು ಸಲ ತುಂಬಿ ಹರಿದಿತ್ತು, ಎಲ್ಲ ಸೇರಿ 95 ನಿಮಿಷ. ಲೆಕ್ಕ ಹಾಕಿದರೆ 2,850 ಲೀಟರ್. ನಮ್ಮದು 1,000 ಲೀಟರಿನ ಟ್ಯಾಂಕು, ಹೆಚ್ಚು ಕಡಿಮೆ ಮೂರು ಟ್ಯಾಂಕು ನೀರು ಸುಮ್ಮನೆ ಮೋರಿಗೆ ಹೋಗಿತ್ತು.

ನೋಟ್‌ಬುಕ್ಕು ಇನ್ನೊಂದು ಸಂಗತಿಯನ್ನೂ ತೋರಿಸಿತು. ಮೋಟಾರು ಹಾಕಿದವರು ಮರೆಯುತ್ತಾರೆ, ಅದೇ ಕಾರಣ ಎಂದು ನಾವೆಲ್ಲ ನಂಬಿದ್ದೆವು. ಆದರೆ ಒಂಬತ್ತರಲ್ಲಿ ಏಳು ಸಲ ಮೋಟಾರು ಹಾಕಿದವರು ಹಾಲು ತರಲೋ, ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸಲೋ ಹೊರಗೆ ಹೋಗಿದ್ದರು, ಮನೆಯಲ್ಲಿ ಉಳಿದವರಿಗೆ ಮೋಟಾರು ಓಡುತ್ತಿರುವುದೇ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಳ್ಳಿ ಎಂಬ ಎಲ್ಲರ ಸಲಹೆ ಈ ಏಳು ಸಲವೂ ವ್ಯರ್ಥವಾಗುತ್ತಿತ್ತು, ಏಕೆಂದರೆ ಆ ಮೊಬೈಲು ಅವರ ಜೊತೆಗೇ ಬೀದಿಯಲ್ಲಿತ್ತು.

ಎರಡನೆಯ ಹಂತ: ತೊಂದರೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಆ ವಾಕ್ಯದಲ್ಲಿ ಪರಿಹಾರದ ಹೆಸರು ಬರಬಾರದು ಎಂಬುದೊಂದೇ ನಿಯಮ. ‘ಟ್ಯಾಂಕಿಗೆ ಅಲಾರಾಂ ಬೇಕು’ ಎಂದು ಬರೆದರೆ ನಿಮ್ಮ ಯೋಚನೆ ಅಲ್ಲಿಗೇ ಕಟ್ಟಿಬೀಳುತ್ತದೆ. ನಾನು ಕೊನೆಗೆ ಬರೆದದ್ದು ಹೀಗಿತ್ತು: ‘ಟ್ಯಾಂಕು ತುಂಬಿದ ಕೂಡಲೇ, ಮೋಟಾರು ಹಾಕಿದವರು ಯಾರೇ ಇರಲಿ, ಆಗ ಮನೆಯಲ್ಲಿರುವವರಿಗೆ ತಿಳಿಯಬೇಕು.’

ವಾಕ್ಯದ ಕೆಳಗೆ ಷರತ್ತುಗಳನ್ನು ಬರೆಯಬೇಕು. ನಮ್ಮದು ಬಾಡಿಗೆ ಮನೆಯಾದ್ದರಿಂದ ಗೋಡೆ ಕೊರೆಯುವಂತಿರಲಿಲ್ಲ, ಮೋಟಾರಿನ ವೈರಿಂಗ್ ಮುಟ್ಟುವಂತಿರಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದ್ದಾಗಲೂ ಸದ್ದು ಕೇಳಬೇಕಿತ್ತು. ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ, ಅವರು ಯಾವ ಗುಂಡಿಯನ್ನೂ ಒತ್ತದೆ ಸಾಧನ ಕೆಲಸ ಮಾಡಬೇಕಿತ್ತು. ಒಮ್ಮೆ ಬಾರಿಸಿದ ಮೇಲೆ ಮರುದಿನಕ್ಕೆ ತಾನಾಗಿ ಸಜ್ಜಾಗಿರಬೇಕು. ಖರ್ಚು 500 ರೂಪಾಯಿ ಮೀರಬಾರದು. ಷರತ್ತುಗಳು ಬಿಗಿಯಾದಷ್ಟೂ ಕೆಲಸ ಸುಲಭವಾಗುತ್ತದೆ, ಅಂಗಡಿಯಲ್ಲಿರುವ ಹತ್ತು ಸಾಮಾನಿನಲ್ಲಿ ಎಂಟನ್ನು ಅವೇ ತಳ್ಳಿಹಾಕುತ್ತವೆ.

ಮೂರನೆಯ ಹಂತ: ಈಗಾಗಲೇ ಏನಿದೆ ಎಂದು ಹುಡುಕಿ

ಮೊದಲು ನೆರೆಹೊರೆಯಲ್ಲಿ ನೋಡಿ. ನಮ್ಮ ಬೀದಿಯ ಒಂದು ಮನೆಯಲ್ಲಿ ಟ್ಯಾಂಕಿನ ಓವರ್‌ಫ್ಲೋ ಪೈಪಿನ ಕೆಳಗೆ ತಗಡಿನ ತುಂಡೊಂದನ್ನು ಇಟ್ಟಿದ್ದರು, ನೀರು ಬಿದ್ದರೆ ಮಳೆಯಂತೆ ಸದ್ದಾಗುತ್ತಿತ್ತು. ನಿಜವಾದ ಮಳೆಗಾಲದಲ್ಲಿ ಮಾತ್ರ ಎರಡಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆಮೇಲೆ ಅಂಗಡಿಗೆ ಹೋಗಿ. ತೇಲುಗುಂಡಿನ ಸ್ವಿಚ್ಚು, ಮೋಟಾರನ್ನು ತಾನೇ ಆರಿಸುವ ಕಂಟ್ರೋಲರ್, ಬ್ಯಾಟರಿಯ ಬಜರ್ ಎಲ್ಲವೂ ಸಿಗುತ್ತವೆ. ಸ್ವಂತ ಮನೆಯಿದ್ದು, ನಂಬಿಕೆಯ ಎಲೆಕ್ಟ್ರಿಷಿಯನ್ ಇದ್ದವರು ಕಂಟ್ರೋಲರನ್ನೇ ಹಾಕಿಸಿಕೊಳ್ಳುವುದು ಒಳ್ಳೆಯದು ಎಂದು ನೇರವಾಗಿ ಹೇಳಿಬಿಡುತ್ತೇನೆ. ಇರುವುದು ಸಾಕಾಗುವ ಕಡೆ ಹೊಸದನ್ನು ಮಾಡಲು ಹೊರಡುವುದು ಹಟವಷ್ಟೇ.

ಸಾಧನವನ್ನು ಮಾರುವ ಅಥವಾ ಪೇಟೆಂಟ್ ಪಡೆಯುವ ಯೋಚನೆಯಿದ್ದರೆ ಇದೇ ಹಂತದಲ್ಲಿ ಭಾರತೀಯ ಪೇಟೆಂಟ್ ಕಚೇರಿಯ ಉಚಿತ ಶೋಧ ವ್ಯವಸ್ಥೆಯಲ್ಲೂ ಗೂಗಲ್ ಪೇಟೆಂಟ್ಸ್‌ನಲ್ಲೂ ಹುಡುಕಬೇಕು. ಸಾಧನದ ಹೆಸರನ್ನು ಹಾಕಿ ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ, ಅದು ಮಾಡುವ ಕೆಲಸವನ್ನು ಎರಡು ಮೂರು ಬಗೆಯಲ್ಲಿ ವರ್ಣಿಸಿ ಹುಡುಕಬೇಕು. ನನಗೆ ಪ್ರಯೋಜನವಾದದ್ದು ಪೂರ್ತಿ ಬೇರೆ ಕ್ಷೇತ್ರದ ಎರಡು ಸಾಧನಗಳು. ಮಳೆ ಅಳೆಯುವ ಒಂದು ಬಗೆಯ ಮಾಪಕದಲ್ಲಿ ಪುಟ್ಟ ಬಟ್ಟಲು ತುಂಬಿದ ಕೂಡಲೇ ಮಗುಚಿ ಎಣಿಕೆ ಕೊಡುತ್ತದೆ. ಜಪಾನಿನ ತೋಟಗಳಲ್ಲಿ ಬಿದಿರಿನ ಕೊಳವೆಯೊಂದು ನೀರು ತುಂಬಿದಾಗ ಬಾಗಿ ಚೆಲ್ಲಿ, ಹಿಂದಕ್ಕೆ ಬಂದು ಕಲ್ಲಿಗೆ ಬಡಿದು ಪ್ರಾಣಿಗಳನ್ನು ಬೆದರಿಸುತ್ತದೆ. ನೋಡಿದರೆ ಎರಡೂ ನಮ್ಮ ಏತದ ಸಂಬಂಧಿಕರೇ: ನಡುವೆ ಕೀಲು, ಒಂದು ಕಡೆ ನೀರು, ಇನ್ನೊಂದು ಕಡೆ ಭಾರ. ಬ್ಯಾಟರಿ ಬೇಡ, ವೈರು ಬೇಡ, ತಾನಾಗಿ ಮತ್ತೆ ಸಜ್ಜಾಗುತ್ತದೆ. ನನ್ನ ಷರತ್ತುಗಳಲ್ಲಿ ಬಹುಪಾಲು ಇಲ್ಲಿಗೇ ತೀರಿದವು.

ನಾಲ್ಕನೆಯ ಹಂತ: ಒರಟು ಮಾದರಿ ಮಾಡಿ, ಕೆಡಿಸಿ, ಮತ್ತೆ ಮಾಡಿ

ಮೊದಲ ಮಾದರಿಗೆ ಗುಜರಿ ಸಾಮಾನಿಗಿಂತ ಹೆಚ್ಚಿನದನ್ನು ಬಳಸಬೇಡಿ. ಚೆಂದವಾಗಿ ಮಾಡಿದ ಮಾದರಿಯನ್ನು ಒಡೆಯಲು ಮನಸ್ಸು ಬರುವುದಿಲ್ಲ. ಬೇಕಾದ ಸಾಮಾನು ಇಷ್ಟು: 63 ಮಿಲಿಮೀಟರಿನ ಪಿವಿಸಿ ಪೈಪಿನ 20 ಸೆಂಟಿಮೀಟರ್ ತುಂಡು, ಅದಕ್ಕೊಂದು ಎಂಡ್ ಕ್ಯಾಪು, 40 ಸೆಂಟಿಮೀಟರ್ ಉದ್ದದ ಮರದ ರೀಪು, ಒಂದು ಉದ್ದನೆಯ ಬೋಲ್ಟು, ಕೈತುಂಬ ಹಳೆಯ ನಟ್ಟುಗಳು, ಹಳೆಯ ಸ್ಟೀಲ್ ಊಟದ ತಟ್ಟೆ, ತೋಟಕ್ಕೆ ಬಳಸುವ 16 ಮಿಲಿಮೀಟರಿನ ಡ್ರಿಪ್ ಪೈಪು, ಅದಕ್ಕೆ ಸಣ್ಣ ನಲ್ಲಿ.

ರೀಪಿನ ನಟ್ಟನಡುವೆ ಅಡ್ಡಲಾಗಿ ತೂತು ಕೊರೆದು ಬೋಲ್ಟು ತೂರಿಸಿ, ಬೋಲ್ಟಿನ ಎರಡೂ ತುದಿಗಳನ್ನು ಎರಡು ಇಟ್ಟಿಗೆಗಳ ಮೇಲೆ ಕೂರಿಸಿದರೆ ರೀಪು ಏತದಂತೆ ಮೇಲೆ ಕೆಳಗೆ ಆಡುತ್ತದೆ. ಪೈಪಿನ ಒಂದು ತುದಿಗೆ ಕ್ಯಾಪು ಅಂಟಿಸಿ, ಕ್ಯಾಪು ಕೀಲಿನ ಬಳಿಗೂ ತೆರೆದ ಬಾಯಿ ಹೊರಗಿನ ತುದಿಗೂ ಬರುವಂತೆ ರೀಪಿನ ಮುಂಭಾಗಕ್ಕೆ ಕಟ್ಟಬೇಕು. ಹಿಂಭಾಗದ ತುದಿಯಲ್ಲಿ ನಟ್ಟುಗಳನ್ನು ತಂತಿಯಲ್ಲಿ ಪೋಣಿಸಿ ಬಿಗಿದು, ಅವು ಬೀಳುವ ಜಾಗದಲ್ಲಿ ತಟ್ಟೆಯನ್ನು ಮಗುಚಿಡಬೇಕು. ಖಾಲಿ ಇದ್ದಾಗ ನಟ್ಟಿನ ಭಾರಕ್ಕೆ ಹಿಂಭಾಗ ತಟ್ಟೆಯ ಮೇಲೆ ಕುಳಿತು, ಪೈಪಿನ ಬಾಯಿ ಓರೆಯಾಗಿ ಮೇಲಕ್ಕೆ ನೋಡುತ್ತಿರಬೇಕು. ಲೋಟದಿಂದ ನಿಧಾನವಾಗಿ ನೀರು ಸುರಿಯಿರಿ. ಸುಮಾರು 300 ಮಿಲಿಲೀಟರ್ ಹೋದಾಗ ಮಗುಚಬೇಕು. ಬೇಗ ಮಗುಚಿದರೆ ನಟ್ಟು ಸೇರಿಸಿ, ಮಗುಚದೆ ತುಂಬಿ ಚೆಲ್ಲಿದರೆ ಒಂದೊಂದೇ ನಟ್ಟು ತೆಗೆಯಿರಿ. ಇದಕ್ಕೆ ಲೆಕ್ಕ ಹಾಕಿ ಕೂರುವ ಅಗತ್ಯವಿಲ್ಲ, ಹತ್ತು ನಿಮಿಷದಲ್ಲಿ ಕೈಗೇ ತಿಳಿಯುತ್ತದೆ.

ಇದು ಮೊದಲ ಏಟಿಗೇ ಆದದ್ದಲ್ಲ. ಆರಂಭದಲ್ಲಿ ನಾನು ಓವರ್‌ಫ್ಲೋ ಪೈಪಿಗೆ ಡಬ್ಬಿಯೊಂದನ್ನು ನೇತುಹಾಕಿ, ಅದು ತುಂಬಿ ಕೆಳಗೆ ಜಗ್ಗಿದಾಗ ಗಂಟೆ ಎಳೆಯುವಂತೆ ಮಾಡಿದ್ದೆ. ಅದು ಒಮ್ಮೆ ‘ಠಣ್’ ಎಂದು ಸುಮ್ಮನಾಯಿತು, ಆ ಹೊತ್ತಿಗೆ ಕುಕ್ಕರು ಕೂಗುತ್ತಿತ್ತು, ಯಾರಿಗೂ ಕೇಳಲಿಲ್ಲ. ಏತದ ಮಾದರಿಯನ್ನು ನೇರವಾಗಿ ಓವರ್‌ಫ್ಲೋ ಪೈಪಿನ ಕೆಳಗೆ ಇಟ್ಟಾಗ ನಿಮಿಷಕ್ಕೆ 30 ಲೀಟರಿನ ರಭಸಕ್ಕೆ ಕೊಳವೆ ಮಗುಚಿದ್ದು ಮತ್ತೆ ಏಳಲೇ ಇಲ್ಲ, ನೀರಿನ ಹೊಡೆತವೇ ಅದನ್ನು ಒತ್ತಿ ಹಿಡಿದಿತ್ತು. ಲೋಟದಲ್ಲಿ ಪರೀಕ್ಷೆ ಮಾಡಿ ತೃಪ್ತನಾದದ್ದು ನನ್ನ ತಪ್ಪು.

ಪರಿಹಾರವಾಗಿ, ಮಾಲೀಕರನ್ನು ಕೇಳಿ, ಓವರ್‌ಫ್ಲೋ ಪೈಪಿನ ತಳದಲ್ಲಿ 12 ಮಿಲಿಮೀಟರಿನ ತೂತು ಕೊರೆದು ರಬ್ಬರ್ ವಾಷರಿನೊಂದಿಗೆ ಡ್ರಿಪ್ ಪೈಪು ಜೋಡಿಸಿದೆ. ಹರಿಯುವ ನೀರಿನಲ್ಲಿ ನಿಮಿಷಕ್ಕೆ ಎರಡು ಮೂರು ಲೀಟರಿನಷ್ಟು ಮಾತ್ರ ಈ ಸಣ್ಣ ಪೈಪಿನಲ್ಲಿ ಇಳಿದು ಬರುತ್ತದೆ, ಉಳಿದದ್ದು ಎಂದಿನಂತೆ ಹೊರಗೆ ಬೀಳುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಓವರ್‌ಫ್ಲೋ ಪೈಪಿನ ಬಾಯಿಯನ್ನು ಯಾವ ಕಾರಣಕ್ಕೂ ಕಿರಿದು ಮಾಡಬಾರದು, ಮುಚ್ಚಲೂಬಾರದು. ಮಾಡಿದರೆ ನೀರು ಮುಚ್ಚಳದಿಂದ ಉಕ್ಕಿ ತಾರಸಿಯಲ್ಲಿ ನಿಲ್ಲುತ್ತದೆ. ಸಣ್ಣ ಪೈಪಿನಿಂದ ಇನ್ನೊಂದು ಲಾಭವೂ ಆಯಿತು. ಸಾಧನವನ್ನು ತಾರಸಿಯಲ್ಲೇ ಇಡಬೇಕಾದ ಅಗತ್ಯ ತಪ್ಪಿ, ಅಡುಗೆಮನೆಯ ಹಿಂಬಾಗಿಲ ಪಕ್ಕಕ್ಕೆ ಅದು ಇಳಿದು ಬಂತು. ಈಗ ಟ್ಯಾಂಕು ತುಂಬಿದರೆ ಎಂಟು ಹತ್ತು ಸೆಕೆಂಡಿಗೊಮ್ಮೆ ತಟ್ಟೆಗೆ ಏಟು ಬೀಳುತ್ತದೆ. ಸತತ ಸದ್ದಿಗೆ ಕಿವಿ ಒಗ್ಗಿಹೋಗುತ್ತದೆ, ಬಿಟ್ಟು ಬಿಟ್ಟು ಬೀಳುವ ಏಟಿಗೆ ಒಗ್ಗುವುದಿಲ್ಲ.

ಐದನೆಯ ಹಂತ: ತಿಂಗಳ ಪರೀಕ್ಷೆ

ಮಾದರಿ ಕೆಲಸ ಮಾಡಿತು ಎಂದ ದಿನವೇ ಆವಿಷ್ಕಾರ ಮುಗಿಯಿತು ಎಂದುಕೊಳ್ಳುವವರು ಬಹಳ. ಅಸಲಿ ಕೆಲಸ ಆಗ ಆರಂಭವಾಗುತ್ತದೆ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ, ಬಾರಿಸಬೇಕಾದಾಗ ಬಾರಿಸದೆ ಹೋದದ್ದು ಒಂದರಲ್ಲಿ, ಬಾರಿಸಬಾರದಾಗ ಬಾರಿಸಿದ್ದು ಇನ್ನೊಂದರಲ್ಲಿ ಬರೆಯಿರಿ. ಎರಡನೆಯದನ್ನು ಹಗುರವಾಗಿ ನೋಡಬೇಡಿ. ಎರಡು ಸಲ ಸುಳ್ಳು ಗಂಟೆ ಬಾರಿಸಿದ ಸಾಧನವನ್ನು ಮನೆಯವರು ಮೂರನೆಯ ಸಲ ನಂಬುವುದಿಲ್ಲ.

ನನ್ನ ಎರಡನೆಯ ಕಾಲಂನಲ್ಲಿ ಮೊದಲ ವಾರವೇ ಒಂದು ದಾಖಲೆ ಬಿತ್ತು. ರಾತ್ರಿ ಎರಡು ಗಂಟೆಗೆ, ಮೋಟಾರು ಓಡದೆಯೇ, ತಟ್ಟೆ ಒಮ್ಮೆ ಬಡಿಯಿತು. ಸಂಜೆಯ ಮಳೆಯ ಹನಿಗಳೂ ಪೈಪಿನಲ್ಲಿ ಉಳಿದಿದ್ದ ನೀರೂ ತೊಟ್ಟಿಕ್ಕಿ ತೊಟ್ಟಿಕ್ಕಿ ಕೊಳವೆ ತುಂಬಿತ್ತು. ಕೊಳವೆಯ ಅತಿ ತಗ್ಗಿನ ಜಾಗದಲ್ಲಿ, ಅಂದರೆ ಕ್ಯಾಪಿನ ಪಕ್ಕದಲ್ಲಿ, ಮೊಳೆ ಕಾಯಿಸಿ ಎರಡು ಮಿಲಿಮೀಟರಿನ ತೂತು ಮಾಡಿದೆ. ನಿಧಾನವಾಗಿ ಬಂದ ನೀರು ನಿಧಾನವಾಗಿ ಸೋರಿಹೋಗಬೇಕು, ರಭಸವಾಗಿ ಬಂದದ್ದು ಮಾತ್ರ ತುಂಬಬೇಕು ಎಂಬುದು ಉದ್ದೇಶ. ಅದು ಮೂರು ವಾರ ನಡೆಯಿತು. ಆಮೇಲೆ ಬೋರ್‌ವೆಲ್ಲಿನ ಗಡಸು ನೀರಿನ ಬಿಳಿ ಪದರ ಕಟ್ಟಿ ತೂತು ಮುಚ್ಚಿಕೊಂಡಿತು. ತೂತನ್ನು ನಾಲ್ಕು ಮಿಲಿಮೀಟರಿಗೆ ಹಿಗ್ಗಿಸಿದೆ. ಕೊಳವೆ ತುಂಬಿದಾಗಲೂ ಈ ತೂತಿನಿಂದ ನಿಮಿಷಕ್ಕೆ ಸುಮಾರು ಅರ್ಧ ಲೀಟರು ಮಾತ್ರ ಸೋರುತ್ತದೆ, ಒಳಬರುವುದು ಅದರ ನಾಲ್ಕೈದು ಪಟ್ಟು, ಆದ್ದರಿಂದ ಬಾರಿಸುವುದಕ್ಕೆ ತೊಡಕಿಲ್ಲ. ತಿಂಗಳಿಗೊಮ್ಮೆ ತೂತಿನ ಅಂಚಿಗೆ ನಿಂಬೆಹಣ್ಣಿನ ಸಿಪ್ಪೆ ಉಜ್ಜಿ ಕಡ್ಡಿ ಆಡಿಸುವುದು ಈಗ ನಿಯಮವಾಗಿದೆ.

ಪರೀಕ್ಷೆಯ ಇನ್ನೊಂದು ಭಾಗ ಮನುಷ್ಯರದ್ದು. ಸಾಧನವನ್ನು ಮಾಡುವುದನ್ನು ನೋಡದ ಒಬ್ಬರಿಗೆ ಅದನ್ನು ವಿವರಣೆಯಿಲ್ಲದೆ ಒಪ್ಪಿಸಿ, ದೂರದಲ್ಲಿ ನಿಂತು ಬಾಯಿ ಮುಚ್ಚಿಕೊಂಡು ನೋಡಿ. ಅತ್ತೆ ಮೊದಲ ದಿನ ಸದ್ದು ಕೇಳಿ ಹೊರಗೆ ಬಂದು, ಮೋಟಾರು ಆರಿಸುವ ಬದಲು ತಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟು ಒಳಗೆ ಹೋದರು. ಅವರ ತರ್ಕ ಸರಿಯೇ ಇತ್ತು, ಸದ್ದು ನಿಂತಿತ್ತು. ತಟ್ಟೆಯನ್ನು ಕಲ್ಲಿಗೆ ಕಟ್ಟಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಮೋಟಾರು’ ಎಂದು ಬರೆದ ಮೇಲೆ ಆ ತೊಂದರೆ ಬರಲಿಲ್ಲ.

ಸುರಕ್ಷತೆಯ ಮಾತು

ಹವ್ಯಾಸಿಗಳು ದೂರವಿಡಬೇಕಾದ ವಸ್ತುಗಳು ನನ್ನ ಮಟ್ಟಿಗೆ ಮೂರು: 230 ವೋಲ್ಟಿನ ವಿದ್ಯುತ್ತು, ಅಡುಗೆ ಅನಿಲದ ರೆಗ್ಯುಲೇಟರು ಮತ್ತು ಕೊಳವೆ, ಹಾಗೂ ಕುಕ್ಕರಿನ ವಾಲ್ವು. ಇವುಗಳ ಸುತ್ತ ಸಾಧನ ಮಾಡಬಹುದು, ಇವುಗಳ ಒಳಗೆ ಕೈ ಹಾಕಬಾರದು. ವಿದ್ಯುತ್ ಬೇಕೇ ಬೇಕೆಂದಾದರೆ ಬ್ಯಾಟರಿಯಲ್ಲಿ ನಡೆಯುವಂತೆ ಯೋಚಿಸಿ. ನೀರಿರುವ ಜಾಗದಲ್ಲಂತೂ ಇದಕ್ಕೆ ರಿಯಾಯಿತಿಯೇ ಇಲ್ಲ.

ಎತ್ತಿಕೊಳ್ಳಬಹುದಾದ ಇನ್ನು ಕೆಲವು ತೊಂದರೆಗಳು

ಸಿಲಿಂಡರು ಅಡುಗೆಯ ನಡುವೆ ಖಾಲಿಯಾಗುವುದು ಒಂದು. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರುತ್ತದೆ, ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ. ಹಾಗಾಗಿ ಇದು ಕೇವಲ ತೂಕದ ಪ್ರಶ್ನೆ, ಅನಿಲವನ್ನು ಮುಟ್ಟಬೇಕಾಗಿಯೇ ಇಲ್ಲ. ಸಿಲಿಂಡರು ಕೂರುವ ಮಣೆಯ ಒಂದು ಬದಿಗೆ ಸ್ಪ್ರಿಂಗು, ಇನ್ನೊಂದು ಬದಿಗೆ ಕೀಲು ಕೊಟ್ಟು, ಎರಡು ಕಿಲೋ ಉಳಿದಾಗ ಮಣೆ ಎಷ್ಟು ಏಳುತ್ತದೆಂದು ಗುರುತು ಹಾಕಬಹುದೇ? ಮಣೆ ವಾಲಿದರೂ ಸಿಲಿಂಡರು ನೆಟ್ಟಗೆ ನಿಲ್ಲುವಂತೆ ಮಾಡುವುದು ಇದರಲ್ಲಿನ ಕಠಿಣ ಭಾಗ.

ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗದಿರುವುದು ಇನ್ನೊಂದು. ಮೊದಲು ಪೆಟ್ಟಿಗೆಯೊಳಗೆ ಬಲ್ಬು ಉರಿಸಿ ಶಾಖ ಕೊಡುತ್ತಿದ್ದರು, ಎಲ್‌ಇಡಿ ಬಂದ ಮೇಲೆ ಆ ಶಾಖ ಸಿಗುತ್ತಿಲ್ಲ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಿಸಿನೀರಿನ ಬಾಟಲಿ ಇಟ್ಟರೆ 30 ಡಿಗ್ರಿಯ ಆಸುಪಾಸಿನ ಶಾಖ ಎಷ್ಟು ಗಂಟೆ ನಿಲ್ಲುತ್ತದೆಂದು ಥರ್ಮಾಮೀಟರಿನಲ್ಲಿ ಗಂಟೆಗೊಮ್ಮೆ ನೋಡಿ ಬರೆಯುವುದೇ ಆರಂಭ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಇವೆಲ್ಲಕ್ಕಿಂತ ದೊಡ್ಡ ತೊಂದರೆ, ಅದಕ್ಕೆ ನನ್ನ ಬಳಿ ನೆಟ್ಟಗಿನ ಉತ್ತರವಿಲ್ಲ.

ತೊಂದರೆ ಎಲ್ಲಿಂದ ಸಿಗುತ್ತದೆಂದು ಹೇಳಲಾಗದು. 2001ರ ಭುಜ್ ಭೂಕಂಪದ ನಂತರ ಒಡೆದ ಮಡಕೆಯ ಚಿತ್ರ ಹಾಕಿ ‘ಬಡವರ ಫ್ರಿಜ್ಜು ಒಡೆಯಿತು’ ಎಂಬರ್ಥದ ಅಡಿಬರಹ ಕೊಟ್ಟಿದ್ದ ಪತ್ರಿಕೆಯನ್ನು ನೋಡಿ, ಗುಜರಾತಿನ ವಾಂಕಾನೇರಿನ ಕುಂಬಾರ ಮನ್ಸುಖ್‌ಭಾಯ್ ಪ್ರಜಾಪತಿ ವಿದ್ಯುತ್ತಿಲ್ಲದ ಮಣ್ಣಿನ ಫ್ರಿಜ್ಜು ಮಾಡಲು ಹೊರಟರು. ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರಿಗೆ ಅಡಿಕೆ ಮರ ಹತ್ತುವವರು ಸಿಗದೆ ಹೋದದ್ದೇ ಮರವೇರುವ ಸ್ಕೂಟರಿಗೆ ಕಾರಣವಾಯಿತು.

ಆರನೆಯ ಹಂತ: ಪೇಟೆಂಟ್ ಬೇಕೇ?

ಬಹುಪಾಲು ಮನೆಸಾಧನಗಳಿಗೆ ಬೇಡ. 1970ರ ಪೇಟೆಂಟ್ ಕಾಯ್ದೆಯ 3ನೆಯ ಕಲಂ ಪ್ರಕಾರ, ಗೊತ್ತಿರುವ ಸಾಧನಗಳನ್ನು ಸುಮ್ಮನೆ ಪಕ್ಕಪಕ್ಕದಲ್ಲಿ ಜೋಡಿಸಿ, ಒಂದೊಂದೂ ತನ್ನ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ. ಬೇಸಾಯದ ವಿಧಾನಗಳಿಗೂ ಪೇಟೆಂಟ್ ಸಿಗುವುದಿಲ್ಲ, ಬೇಸಾಯದ ಯಂತ್ರಕ್ಕೆ ಮಾತ್ರ ಸಿಗಬಹುದು.

ನಿಮ್ಮದು ನಿಜವಾಗಿ ಹೊಸದೆಂದು ಶೋಧದಿಂದ ಖಚಿತವಾಗಿದ್ದರೆ ಅರ್ಜಿ ಹಾಕುವ ಮೊದಲು ಅದನ್ನು ಯೂಟ್ಯೂಬಿಗೆ ಹಾಕಬೇಡಿ, ಮೇಳದಲ್ಲಿ ತೋರಿಸಬೇಡಿ, ಮಾರಬೇಡಿ, ಪತ್ರಿಕೆಗೆ ಹೇಳಬೇಡಿ. ಬಹಿರಂಗವಾದದ್ದು ಹೊಸದಾಗಿ ಉಳಿಯುವುದಿಲ್ಲ. ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಂಥ ಕೆಲವೇ ಸಂದರ್ಭಗಳಿಗೆ ಕಾಯ್ದೆಯಲ್ಲಿ 12 ತಿಂಗಳ ವಿನಾಯಿತಿಯಿದೆ. ಸಾಧನ ಇನ್ನೂ ಸುಧಾರಣೆಯಲ್ಲಿದ್ದರೆ ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಕಾಯ್ದಿರಿಸಿಕೊಂಡು, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ವ್ಯಕ್ತಿಯೊಬ್ಬರು ಆನ್‌ಲೈನಿನಲ್ಲಿ ಸಲ್ಲಿಸುವ ಅರ್ಜಿಯ ಶುಲ್ಕ 1,600 ರೂಪಾಯಿ, ಪರೀಕ್ಷೆಯ ಕೋರಿಕೆಗೆ ಬೇರೆಯಾಗಿ 4,000 ರೂಪಾಯಿ. ನಿಜವಾದ ಖರ್ಚು ವಿವರಣೆಯನ್ನು ಕಾನೂನಿನ ಭಾಷೆಯಲ್ಲಿ ಬರೆಸುವುದರಲ್ಲಿದೆ. ಕರ್ನಾಟಕದವರ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಪೇಟೆಂಟ್ ಸಿಕ್ಕರೆ ಅದರ ಅವಧಿ ಅರ್ಜಿಯ ದಿನದಿಂದ 20 ವರ್ಷ. ಓದು ಕಡಿಮೆಯಿರುವ ಹಳ್ಳಿಯ ಆವಿಷ್ಕಾರಕರಿಗೆ ಗಾಂಧಿನಗರದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ನೆರವು ನೀಡುತ್ತದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅಡಿಯಲ್ಲಿರುವ ಈ ಸಂಸ್ಥೆ 2000ದಲ್ಲಿ ಆರಂಭವಾಯಿತು. ನಡಕಟ್ಟಿನ್ ಅವರ ಕೆಲಸವನ್ನು ಗುರುತಿಸಿ ಗೌರವಿಸಿದ್ದೂ ಇದೇ.

ನನ್ನ ಏತದ ಗಂಟೆಯಲ್ಲಿ ಹೊಸ ತತ್ತ್ವ ಯಾವುದೂ ಇಲ್ಲ, ಆದ್ದರಿಂದ ಪೇಟೆಂಟಿನ ಮಾತು ಬರಲಿಲ್ಲ. ಒಟ್ಟು ಖರ್ಚು 340 ರೂಪಾಯಿ, ಅದರಲ್ಲಿ ಹೆಚ್ಚಿನದು ಡ್ರಿಪ್ ಪೈಪು ಮತ್ತು ನಲ್ಲಿಯದು. ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಎದುರುಮನೆಯವರಿಗೆ ಕೊಟ್ಟೆ. ಅವರು ತಟ್ಟೆಯ ಬದಲು ಹಳೆಯ ಪೂಜೆಯ ಜಾಗಟೆಯನ್ನು ಕಟ್ಟಿದರು. ಸದ್ದೇನೋ ಬೀದಿಯ ಕೊನೆಯವರೆಗೂ ಕೇಳುತ್ತದೆ, ಆದರೆ ಮಂಗಳಾರತಿಯ ಹೊತ್ತಿಗೆ ಟ್ಯಾಂಕು ತುಂಬಿದರೆ ಯಾವುದು ಯಾವುದೆಂದು ಅವರಿಗೇ ತಿಳಿಯುವುದಿಲ್ಲ. ಈಗ ಅವರೂ ಒಂದು ನೋಟ್‌ಬುಕ್ಕು ಇಟ್ಟಿದ್ದಾರೆ.